ಸ್ವಿಚ್ ಪೆಟ್ಟಿಗೆಯ ಪಾಠ



ನಮ್ಮ ಶಾಲೆಯ ಸಭಾಂಗಣದ ಟೆಲಿವಿಷನ್ನಿಗೆ ಎಚ್.ಡಿ.ಎಂ.ಐ. ಸಾಕೆಟ್ ಒಂದೇ ಇರುವುದು. ಅದಕ್ಕೆ ಸೇರಬೇಕಾದ ಯಂತ್ರಗಳಾದರೋ ಮೂರು: ಲ್ಯಾಪ್‌ಟಾಪ್, ಸೆಟ್-ಟಾಪ್ ಬಾಕ್ಸ್, ಡಿ.ವಿ.ಡಿ. ಪ್ಲೇಯರ್. ಮೊದಲು ನಾವು ಪ್ರತಿಸಲವೂ ಒಂದು ಕೇಬಲನ್ನು ಕಿತ್ತು ಮತ್ತೊಂದನ್ನು ಸಿಕ್ಕಿಸುತ್ತಿದ್ದೆವು. ಇದರಿಂದ ಸಾಕೆಟ್ ಸಡಿಲವಾಗುವುದಲ್ಲದೆ, ಕೇಬಲಿನ ತುದಿಯ 19 ಸಣ್ಣ ಸಂಪರ್ಕಗಳಿಗೂ ಹಾನಿ ತಗಲುವುದು. ಈ ತೊಂದರೆಯ ನಿವಾರಣೆಗಾಗಿಯೇ ಸ್ವಿಚ್ ಪೆಟ್ಟಿಗೆ ಉಂಟು.

ಹಲವು ಹಳಿಗಳ ಗಾಡಿಗಳಲ್ಲಿ ಒಂದನ್ನು ಮಾತ್ರ ಪ್ಲಾಟ್‌ಫಾರ್ಮಿಗೆ ಬಿಡುವ ಪಾಯಿಂಟ್ಸ್‌ಮನ್ನನ ಕೆಲಸವೇ ಈ ಪೆಟ್ಟಿಗೆಯ ಕೆಲಸ. ಒಳಬರುವ ದಾರಿಗಳಿಗೆ ಇನ್‌ಪುಟ್ ಎಂದೂ ಹೊರಹೋಗುವ ಒಂದೇ ದಾರಿಗೆ ಔಟ್‌ಪುಟ್ ಎಂದೂ ಹೆಸರು. ಗುಂಡಿಯನ್ನೊತ್ತಿ ನಾವು ಆರಿಸಿದ ಒಂದು ಚಿತ್ರವು ಮಾತ್ರ ಟೆಲಿವಿಷನ್ನನ್ನು ಸೇರುವುದು.

ಕೊಳ್ಳುವಾಗ ಎರಡು ಸಂಗತಿಗಳನ್ನು ನೆನಪಿಡತಕ್ಕದ್ದು. ಸ್ಪ್ಲಿಟರ್ ಎಂಬುದು ಬೇರೆ ವಸ್ತು. ಅದು ಒಂದು ಯಂತ್ರದ ಚಿತ್ರವನ್ನು ಹಲವು ಟೆಲಿವಿಷನ್ನುಗಳಿಗೆ ಹಂಚುವುದು. ಎರಡನೆಯದಾಗಿ, ಹಳದಿ, ಬಿಳಿ, ಕೆಂಪು ಕೇಬಲುಗಳು ಮಾತ್ರವಿರುವ ಹಳೆಯ ಪ್ಲೇಯರನ್ನು ಎಚ್.ಡಿ.ಎಂ.ಐ. ಪೆಟ್ಟಿಗೆಗೆ ನೇರವಾಗಿ ಜೋಡಿಸಲಾಗದು. ನಡುವೆ ಕನ್ವರ್ಟರ್ ಬೇಕು.

ಜೋಡಿಸುವ ಕ್ರಮ ಹೀಗೆ. ಮೊದಲು ಎಲ್ಲ ಯಂತ್ರಗಳನ್ನೂ ಆರಿಸಿರಿ. ಪೆಟ್ಟಿಗೆಯ ಔಟ್‌ಪುಟ್ಟಿನಿಂದ ಟೆಲಿವಿಷನ್ನಿಗೆ ಒಂದು ಕೇಬಲನ್ನು ಹಾಕಿರಿ. ಬಳಿಕ ಮೂರು ಯಂತ್ರಗಳನ್ನೂ 1, 2, 3ನೆಯ ಇನ್‌ಪುಟ್ಟುಗಳಿಗೆ ಸೇರಿಸಿ, ಒಂದೊಂದು ಕೇಬಲಿಗೂ ಹೆಸರಿನ ಚೀಟಿ ಅಂಟಿಸಿರಿ. ಯಂತ್ರಗಳನ್ನು ಹೊತ್ತಿಸಿ, ಪೆಟ್ಟಿಗೆ ಸೇರಿರುವ ಸಾಕೆಟನ್ನು ಟೆಲಿವಿಷನ್ನಿನ ರಿಮೋಟಿನಿಂದ ಆರಿಸಿರಿ. ಇದನ್ನು ಮತ್ತೆ ಬದಲಿಸಬೇಕಾಗಿಲ್ಲ. ಮುಂದೆ ಪೆಟ್ಟಿಗೆಯ ಗುಂಡಿಯೊಂದೇ ಸಾಕು. ಗುಂಡಿಯನ್ನೊತ್ತಿದ ಬಳಿಕ ಯಂತ್ರವೂ ಟೆಲಿವಿಷನ್ನೂ ಪರಸ್ಪರ ಗುರುತು ಹಿಡಿಯಲು ಕೆಲವು ಸೆಕೆಂಡುಗಳು ಬೇಕಾಗುವುವು, ಅಷ್ಟರೊಳಗೆ ಅವಸರಪಡಬಾರದು. ಕೆಲವು ಪೆಟ್ಟಿಗೆಗಳಿಗೆ ಜೋಡಿಸಿದ ಯಂತ್ರದಿಂದ ಬರುವ 5 ವೋಲ್ಟು ವಿದ್ಯುತ್ತೇ ಸಾಕು. ಕೆಲವಕ್ಕೆ ಪ್ರತ್ಯೇಕ ಅಡಾಪ್ಟರ್ ಬೇಕು.

ಚಿತ್ರ ಬಾರದಿದ್ದರೆ ಗಾಬರಿಪಡದೆ ದಾರಿಯನ್ನು ಮೊದಲಿನಿಂದ ಪರೀಕ್ಷಿಸಿರಿ: ಯಂತ್ರ ಹೊತ್ತಿದೆಯೇ? ಕೇಬಲ್ ಸರಿಯಾದ ಸಾಕೆಟ್ಟಿನಲ್ಲಿದೆಯೇ? ಒತ್ತಿದ ಗುಂಡಿ ಸರಿಯೇ? ಟೆಲಿವಿಷನ್ನಿನ ಆಯ್ಕೆ ಸರಿಯೇ? ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿರಿ. ಆಗ ತಪ್ಪೆಲ್ಲಿದೆಯೆಂದು ತಿಳಿಯುವುದು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಒಂದು ದಿನ ಹತ್ತನೆಯ ತರಗತಿಯವರಿಗೆ ವಿಜ್ಞಾನದ ಪಾಠವನ್ನು ತೋರಿಸಬೇಕೆಂದಿರುವಾಗ ಪರದೆಯು ಕಪ್ಪಾಗಿಯೇ ಉಳಿಯಿತು. ಮೆಕ್ಯಾನಿಕ್ಕನಿಗೆ ಹೇಳಿಕಳುಹಿಸಿ ಒಂದು ಪೀರಿಯಡ್ ಪೂರ್ತಿ ಕಾದೆವು. ಆತನು ಬಂದು, ಅದಲುಬದಲಾಗಿದ್ದ ಎರಡು ಕೇಬಲುಗಳನ್ನು ಸರಿಪಡಿಸಿ ನಿಮಿಷದೊಳಗೆ ಹೊರಟುಹೋದನು. ಹಿಂದಿನ ದಿನ ಧೂಳೊರೆಸಿ ಅವುಗಳನ್ನು ಸಿಕ್ಕಿಸಿದವಳು ನಾನೇ. ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಟೀಚರ್, ನಾನು ಆಗಲೇ ನೋಡಿದ್ದೆ. ಮುಟ್ಟಬಾರದೆಂದು ನೀವು ಹೇಳಿದ್ದರಿಂದ ಸುಮ್ಮನಿದ್ದೆ" ಎಂದಳು.

ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಪೆಟ್ಟಿಗೆಯನ್ನು ಕಾಪಾಡಲು ನಾನು ಮಾಡಿದ ನಿಯಮವು, ಕಣ್ಣಿಗೆ ಕಂಡ ತಪ್ಪನ್ನು ತಿದ್ದದಂತೆ ಒಂದು ಮಗುವಿನ ಕೈಯನ್ನು ಕಟ್ಟಿಹಾಕಿತ್ತು. ಮರುದಿನವೇ ಆ ನಿಯಮವನ್ನು ತೆಗೆದುಹಾಕಿದೆನು. ಈಗ ಪ್ರತಿ ತರಗತಿಯಿಂದ ಇಬ್ಬರು ಹುಡುಗಿಯರು ಈ ಪೆಟ್ಟಿಗೆಯ ಹೊಣೆಯನ್ನು ಹೊತ್ತಿರುವರು. ನೀವೂ ನಿಮ್ಮ ಮನೆಗಳಲ್ಲಿ, ಅಣ್ಣನೋ ತಮ್ಮನೋ ಬರಲೆಂದು ಕಾಯದೆ, ಟೆಲಿವಿಷನ್ನಿನ ಹಿಂಬದಿಯನ್ನು ಒಮ್ಮೆ ತಿಳಿದು ನೋಡಿರಿ.