ಕಾನು ಬೇಕೋ, ಹೊಲ ಬೇಕೋ?

ಮಕ್ಕಳೇ, ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರೆಂದು ನಿಮಗೆ ಗೊತ್ತು. ಅಲ್ಲಿಂದ ಪಶ್ಚಿಮಕ್ಕೆ ಸೊರಬದ ಕಡೆ ಹೋದಂತೆ ಮಳೆ ಹೆಚ್ಚುತ್ತದೆ. ಭತ್ತದ ಗದ್ದೆ, ಮೆಕ್ಕೆಜೋಳದ ಹೊಲ, ಅಡಿಕೆ ತೋಟಗಳ ನಡುವೆ ಅಲ್ಲಲ್ಲಿ ದಟ್ಟ ಕಾಡಿನ ತುಂಡುಗಳು ಕಾಣುತ್ತವೆ. ಬೇಸಿಗೆಯಲ್ಲಿ ಸುತ್ತಲಿನ ಕಾಡು ಎಲೆ ಉದುರಿಸಿ ಬೋಳಾದರೂ ಇವು ಹಸುರಾಗಿರುತ್ತವೆ. ಇವೇ ಕಾನುಗಳು.

ಹಿರಿಯರು ಉಳಿಸಿದ ಕಾಡು

ಹಿಂದಿನವರು ಕಾನನ್ನು ದೇವರ ನೆಲೆಯೆಂದು ಕಾಪಾಡಿದರು. ಹಾಗೆಂದು ಬಳಸದೆ ಬಿಡಲಿಲ್ಲ. ಕಾಳುಮೆಣಸು, ಜೇನು, ಹಣ್ಣುಗಳನ್ನು ತಂದರು. ಮರವನ್ನು ಮಾತ್ರ ಉಳಿಸಿದರು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ವರದಿ ಬರೆದರು. ಅದರಂತೆ ಆಗ ಅಲ್ಲಿ 171 ಕಾನುಗಳಿದ್ದವು. ವಿಸ್ತೀರ್ಣ ಸುಮಾರು 13,000 ಹೆಕ್ಟೇರ್. ಮುಂದೆ ಹಲವು ಕಾನುಗಳು ಸಾಗುವಳಿಗೆ, ನೆಡುತೋಪುಗಳಿಗೆ ಸೇರಿ ಕರಗಿದವು.

ಕಾನಿಗೂ ಗದ್ದೆಗೂ ಏನು ನಂಟು?

ಮಳೆಹನಿ ಮೊದಲು ಮರದ ತಲೆಯ ಮೇಲೆ ಬೀಳುತ್ತದೆ. ಅದರ ವೇಗ ತಗ್ಗುತ್ತದೆ. ಕೆಳಗೆ ಬಿದ್ದ ತರಗೆಲೆ ಸ್ಪಂಜಿನಂತೆ ನೀರನ್ನು ಹಿಡಿಯುತ್ತದೆ. ಬೇರುಗಳು ಸಡಿಲಿಸಿದ ಮಣ್ಣಿನಲ್ಲಿ ನೀರು ಇಂಗುತ್ತದೆ. ಹೀಗೆ ಇಂಗಿದ ನೀರು ಇಳಿಜಾರಿನ ಬುಡದಲ್ಲಿ ಜಲವಾಗಿ ಒಸರಿ ಹಳ್ಳಕ್ಕೆ, ಕೆರೆಗೆ, ಗದ್ದೆಗೆ ಸೇರುತ್ತದೆ. ಕಾನು ಕಡಿದರೆ ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಕೆರೆ ತುಂಬುತ್ತದೆ. ಬೇಸಿಗೆಯಲ್ಲಿ ಹಳ್ಳ ಬೇಗ ಒಣಗುತ್ತದೆ. ನಷ್ಟ ಕೆಳಗಿನ ರೈತನಿಗೇ!

ರೈತನ ಮಾತೂ ಸುಳ್ಳಲ್ಲ

ಒಂದು ಎಕರೆಯಷ್ಟೇ ಇರುವ ಕುಟುಂಬಕ್ಕೆ ಭತ್ತದಿಂದ ಸಿಗುವ ಹಣ ಕಡಿಮೆ. ಶುಂಠಿ ಅಥವಾ ಅಡಿಕೆ ಬೆಳೆಯಲು ಇನ್ನಷ್ಟು ಜಾಗ ಸಿಕ್ಕರೆ ಮಕ್ಕಳ ಓದಿಗಾದೀತು ಎಂದು ಅವರು ಯೋಚಿಸುವುದು ಸಹಜ. ಹಾಗಾದರೆ ಊರು ಹೇಗೆ ತೀರ್ಮಾನಿಸಬೇಕು?

ಮೊದಲು ನೀರಿನ ಮೂಲವನ್ನು ಗುರುತಿಸಬೇಕು. ಅದರ ಮೇಲಿನ ಕಾನನ್ನು ಮುಟ್ಟಬಾರದು. ಎರಡನೆಯದಾಗಿ, ಈಗಾಗಲೇ ಬಯಲಾಗಿರುವ ಜಮೀನಿನಲ್ಲಿ ಬದು ಹಾಕಿ, ಮಿಶ್ರಬೆಳೆ ಬೆಳೆದು ಆದಾಯ ಹೆಚ್ಚಿಸಬೇಕು. ಮೂರನೆಯದಾಗಿ, ಕಾನು ಉಳಿಸಿದ ಊರಿನವರಿಗೆ ಅದರ ಮೆಣಸು, ಜೇನಿನ ಲಾಭ ಸಿಗಬೇಕು. ಕಾನು ಕಡಿದು ಬೇರೆಡೆ ಅಕೇಶಿಯ ನೆಟ್ಟರೆ ಲೆಕ್ಕ ಸರಿಹೋಗದು. ಒಂದೇ ಜಾತಿಯ ಮರಗಳ ತೋಪು ಕಾನಾಗುವುದಿಲ್ಲ.

ಇದನ್ನು ಚರ್ಚಿಸಲು ಗ್ರಾಮಸಭೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಪ್ರಾಣಿಪಕ್ಷಿ, ಬೆಳೆಗಳ ತಳಿಗಳನ್ನು ದಾಖಲಿಸುವುದು ಅದರ ಕೆಲಸ.

ನೀವೇ ಮಾಡಿ ನೋಡಿ

ಎರಡು ಪ್ಲಾಸ್ಟಿಕ್ ಬಾಟಲಿಗಳನ್ನು ಮಲಗಿಸಿ ಮೇಲ್ಭಾಗ ಕತ್ತರಿಸಿ. (ಕತ್ತರಿಸುವಾಗ ದೊಡ್ಡವರ ಸಹಾಯ ಪಡೆಯಿರಿ.) ಎರಡರಲ್ಲೂ ಒಂದೇ ಅಳತೆಯ ಮಣ್ಣು ತುಂಬಿ. ಒಂದರ ಮೇಲೆ ತರಗೆಲೆ ಹರಡಿ. ಬಾಯಿಯ ಕಡೆ ಇಳಿಜಾರಾಗಿಸಿ, ಕೆಳಗೆ ಲೋಟ ಇಡಿ. ಎರಡಕ್ಕೂ ಒಂದೊಂದು ಲೋಟ ನೀರು ನಿಧಾನವಾಗಿ ಸುರಿಯಿರಿ. ಯಾವ ಲೋಟಕ್ಕೆ ಕೆಸರು ನೀರು ಬಂತು? ಯಾವುದರಲ್ಲಿ ನೀರು ತಡವಾಗಿ ಬಂತು?

ಯೋಚಿಸಿ: ನಿಮ್ಮೂರಿನ ಕೆರೆಗೆ ನೀರು ಎಲ್ಲಿಂದ ಬರುತ್ತದೆ? ಅಜ್ಜ ಅಜ್ಜಿಯರನ್ನು ಕೇಳಿ, ನಕ್ಷೆ ಬರೆದು ತರಗತಿಯಲ್ಲಿ ತೋರಿಸಿ.