ಆಕಾಶದ ಅಳತೆಗೆ ನೆಲದ ಒರೆಗಲ್ಲು

ಪ್ರಯೋಗಶಾಲೆಯಲ್ಲಿ ಉಷ್ಣಮಾಪಕವನ್ನು ಪರೀಕ್ಷಿಸುವಾಗ ನಾವು ಅದನ್ನು ಮೊದಲು ಕರಗುತ್ತಿರುವ ಮಂಜುಗಡ್ಡೆಯಲ್ಲಿಯೂ ಬಳಿಕ ಕುದಿಯುವ ನೀರಿನ ಹಬೆಯಲ್ಲಿಯೂ ಇಟ್ಟು ನೋಡುತ್ತಿದ್ದೆವೆಂಬುದು ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಪಾದರಸವು ಸೊನ್ನೆಗೆ ಇಳಿಯದೆ ಮೇಲೆಯೇ ನಿಂತರೆ ತಪ್ಪು ಮಂಜುಗಡ್ಡೆಯದಲ್ಲ, ಮಾಪಕದ್ದು. ಆದರೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಕೃತಕ ಉಪಗ್ರಹದ ಮಾಪಕವನ್ನು ಮಂಜುಗಡ್ಡೆಯಲ್ಲಿ ಅದ್ದುವುದು ಹೇಗೆ?

ಕಳುಹಿಸುವ ಮೊದಲೇ ಪರೀಕ್ಷಿಸಬಾರದೆ ಎಂದು ಹೆತ್ತವರು ಕೇಳಿಯಾರು. ಪರೀಕ್ಷಿಸಿಯೇ ಕಳುಹಿಸುತ್ತಾರೆ. ಆದರೂ ಉಡಾವಣೆಯ ಕುಲುಕಾಟದಿಂದಲೂ, ಬಿಸಿಲು ನೆಳಲುಗಳ ಹೊಡೆತದಿಂದಲೂ, ವಯಸ್ಸಿನಿಂದಲೂ ಅಳತೆಯು ಮೆಲ್ಲನೆ ಜಾರುವುದುಂಟು. ಹೀಗಾಗಿ, ಬದಲಾಗದ ಸ್ಥಳಗಳನ್ನು ವಿಜ್ಞಾನಿಗಳು ಭೂಮಿಯ ಮೇಲೆಯೇ ಹುಡುಕಿಕೊಂಡಿದ್ದಾರೆ.

ಇಲ್ಲಿ ನಾವು ಹೇಳುತ್ತಿರುವುದು ಮೈಕ್ರೋವೇವ್ ಎಂಬ ಕಿರು ರೇಡಿಯೋ ಅಲೆಗಳಿಂದ ಅಳೆಯುವ ಉಪಕರಣಗಳ ವಿಷಯ. ಕೆಲವು ನೆಲವೂ ನೀರೂ ತಾವಾಗಿ ಸೂಸುವ ಅಲೆಗಳನ್ನು ಹಿಡಿಯುವುವು. ಕೆಲವು ತಾವೇ ಅಲೆಯನ್ನು ಕಳುಹಿಸಿ ಮರಳಿದ ಪಾಲನ್ನು ಅಳೆಯುವುವು. ಕಡಲಿನ ಮೇಲಣ ಗಾಳಿಯ ವೇಗವನ್ನು ತಿಳಿಯಲು ಈ ಎರಡನೆಯ ಬಗೆ ಒದಗುತ್ತದೆ. 2009ರಲ್ಲಿ ಶ್ರೀಹರಿಕೋಟೆಯಿಂದ ಹಾರಿದ ನಮ್ಮ ಓಷನ್‌ಸ್ಯಾಟ್-2ರಲ್ಲಿ ಅಂತಹುದೊಂದಿದ್ದು 2014ರವರೆಗೆ ದುಡಿಯಿತು. ಅಳತೆ ತುಸು ಜಾರಿದರೆ ಗಾಳಿಯ ಲೆಕ್ಕ ತಪ್ಪುವುದು. ಮುನ್ಸೂಚನೆಯನ್ನು ನೆಚ್ಚಿ ದೋಣಿ ಇಳಿಸುವ ಬೆಸ್ತರಿಗೆ ಇದು ಸಣ್ಣ ಮಾತಲ್ಲ.

ಇಂತಹ ಸ್ಥಳಗಳಲ್ಲಿ ಒಂದು ಅಂಟಾರ್ಕ್ಟಿಕ ಖಂಡದ ಡೋಮ್ ಸಿ ಎಂಬ ಹಿಮದಿಬ್ಬ. ಸಮುದ್ರಮಟ್ಟದಿಂದ ಸುಮಾರು 3,230 ಮೀಟರ್ ಎತ್ತರ. ಹಿಮದ ದಪ್ಪವೇ ಮೂರು ಕಿಲೋಮೀಟರಿಗೆ ಮಿಗಿಲು. ಮೇಲಣ ಗಾಳಿಯ ಚಳಿ ಋತುವಿನಿಂದ ಋತುವಿಗೆ ಬಹಳ ಏರಿಳಿದರೂ, ಹತ್ತು ಮೀಟರ್ ಆಳದಲ್ಲಿ ವರ್ಷವಿಡೀ ಸೊನ್ನೆಗಿಂತ ಸುಮಾರು 55 ಡಿಗ್ರಿ ಕೆಳಗೆ. ಐರೋಪ್ಯರು 2009ರಲ್ಲಿ ಹಾರಿಸಿದ ಸ್ಮಾಸ್ ಉಪಗ್ರಹವು ಹಿಡಿಯುವ 21 ಸೆಂಟಿಮೀಟರಿನ ಅಲೆಗಳು ಈ ಆಳದಿಂದಲೂ, ಇನ್ನೂ ಕೆಳಗಿನಿಂದಲೂ ಬರುವುದರಿಂದ ಮೇಲಣ ಋತುಗಳ ಗೊಡವೆ ಅವಕ್ಕೆ ಅಷ್ಟಾಗಿ ಇಲ್ಲ.

ಇನ್ನೊಂದು ಅಮೆಜಾನ್ ಕಾಡು. ಎಲೆಯ ಮೇಲೆ ಎಲೆ ದಟ್ಟೈಸಿರುವ ಆ ಹಸುರಿನ ಮೇಲೆ ಅಲೆಯು ಯಾವ ದಿಕ್ಕಿನಿಂದ ಬಿದ್ದರೂ ಮರಳುವ ಪಾಲು ಬಹುಮಟ್ಟಿಗೆ ಒಂದೇ. 1978ರ ಸೀಸ್ಯಾಟ್ ಉಪಗ್ರಹದ ಕಾಲದಿಂದಲೂ ಈ ಕಾಡು ಒರೆಗಲ್ಲಾಗಿದೆ. ಬೆಳಗಿನ ಇಬ್ಬನಿಯಷ್ಟರಿಂದಲೇ ಮರಳುವ ಅಲೆ ಕೊಂಚ ಹೆಚ್ಚುವುದರಿಂದ, ಮುಂಜಾನೆಯ ಅಳತೆಯನ್ನು ಮುಂಜಾನೆಯದರೊಡನೆಯೇ ಹೋಲಿಸಬೇಕು.

ಒರೆಗಲ್ಲೇ ಸವೆದರೆ? ಹಾಗೂ ಆಯಿತು. 2005ರ ಭಾರಿ ಬರದ ಬಳಿಕ ಅಮೆಜಾನಿನ ನೈಋತ್ಯ ಭಾಗದಿಂದ ಅಮೆರಿಕದವರ ಕ್ವಿಕ್‌ಸ್ಕ್ಯಾಟ್ ಉಪಗ್ರಹಕ್ಕೆ ಮರಳುವ ಅಲೆ ಕುಗ್ಗಿತು. ವರ್ಷಗಳು ಕಳೆದರೂ ಚೇತರಿಸಲಿಲ್ಲ. ಉಪಕರಣ ಕೆಟ್ಟಿದ್ದರೆ ಆ ಕುಗ್ಗುವಿಕೆ ಎಲ್ಲೆಡೆಯೂ ಕಾಣಬೇಕಾಗಿತ್ತು. ಬರ ಬಿದ್ದ ಕಡೆಯೇ ಕುಗ್ಗಿದುದರಿಂದ, ಸೊರಗಿದುದು ಮರಗಳೆಂದು ತಿಳಿಯಿತು. ಮಾಪಕವನ್ನು ಶಂಕಿಸಿ ಅಂಕಿಗಳನ್ನು ತಿದ್ದಿಬಿಟ್ಟಿದ್ದರೆ ಕಾಡಿನ ಆ ನೋವು ಲೆಕ್ಕದಲ್ಲಿಯೇ ಅಳಿಸಿಹೋಗುತ್ತಿತ್ತು. ಆದುದರಿಂದ ಹಿಮ, ಕಾಡು, ಕಡಲು ಇವನ್ನು ಒಂದಕ್ಕೊಂದು ಸಾಕ್ಷಿಯಾಗಿ ಹಿಡಿದು ನೋಡುವುದುಂಟು. ಕಾಡಿನಲ್ಲಿಯೂ ನದಿ, ಬಯಲು, ಕಡಿದ ತಾಣಗಳನ್ನು ಬಿಟ್ಟು ಸಮನಾದ ಭಾಗಗಳನ್ನಷ್ಟೇ ಆರಿಸಿಕೊಳ್ಳುತ್ತಾರೆ.