ಬಿಡದ ಜ್ವರ ಮತ್ತು ಹೃದಯದ ಕವಾಟ



ಈ ಪುಟದಲ್ಲಿ ಕೊಳೆರೋಗ, ಕಾಂಡಕೊರಕ, ಗೊಬ್ಬರದ ಲೆಕ್ಕ ಇಂಥ ವಿಷಯಗಳನ್ನೇ ಬರೆಯುತ್ತ ಬಂದಿದ್ದೇನೆ. ಈ ಸಲ ಮನುಷ್ಯರಿಗೆ ಬರುವ ಒಂದು ರೋಗದ ಬಗ್ಗೆ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಆದರೆ 2022ರ ಡಿಸೆಂಬರಿನಲ್ಲಿ, ಕಾಫಿ ಕೊಯ್ಲಿನ ನಡುವೆ, ನನ್ನ ಪತ್ನಿಗೆ ಈ ರೋಗ ಕಂಡು ಐದು ವಾರಗಳಿಗೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿ ಅವಳ ಹಾಸಿಗೆಯ ಪಕ್ಕದಲ್ಲಿ ಕಳೆದೆ. ಆಗ ನಾನು ಮಾಡಿದ ಒಂದು ತಪ್ಪನ್ನು ನಮ್ಮ ಸದಸ್ಯರಲ್ಲಿ ಬೇರೆ ಯಾರೂ ಮಾಡಬಾರದೆಂಬುದೇ ಈ ಲೇಖನದ ಉದ್ದೇಶ. ಅವಳ ಒಪ್ಪಿಗೆ ಪಡೆದೇ ಬರೆದಿದ್ದೇನೆ.

ರೋಗ ಯಾವುದು?

ನಮ್ಮ ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವುದು ಅವುಗಳ ಕೆಲಸ. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಮಾಡುವ ಕೆಲಸವೇ. ಬಾಯಿ, ಚರ್ಮ, ಕರುಳುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಆಗಾಗ ರಕ್ತಕ್ಕೆ ನುಸುಳುತ್ತವೆ. ಸಾಮಾನ್ಯವಾಗಿ ದೇಹವೇ ಅವುಗಳನ್ನು ನಾಶಮಾಡುತ್ತದೆ. ಆದರೆ ಕವಾಟವು ಮೊದಲೇ ಕೆಟ್ಟು ಒರಟಾಗಿದ್ದರೆ ಅಲ್ಲಿ ಅಂಟಿಕೊಂಡು, ರಕ್ತದ ಹೆಪ್ಪಿನ ಹೊದಿಕೆಯೊಳಗೆ ಗಂಟಿನಂತೆ ಬೆಳೆಯುತ್ತವೆ. ಇದಕ್ಕೆ ವೈದ್ಯರು ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್ ಎನ್ನುತ್ತಾರೆ. ಕೆಲವು ಉಗ್ರ ಬ್ಯಾಕ್ಟೀರಿಯಾಗಳು ಚೆನ್ನಾಗಿರುವ ಕವಾಟವನ್ನೂ ಹಿಡಿಯುವುದುಂಟು.

ಬಾಲ್ಯದಲ್ಲಿ ಕೀಲುನೋವಿನ ಜ್ವರ, ಅಂದರೆ ರುಮ್ಯಾಟಿಕ್ ಜ್ವರ ಬಂದು ಕವಾಟ ಕೆಟ್ಟವರು, ಹುಟ್ಟಿನಿಂದ ಹೃದಯದೋಷ ಇರುವವರು, ಕೃತಕ ಕವಾಟ ಹಾಕಿಸಿಕೊಂಡವರು, ಹಿಂದೊಮ್ಮೆ ಇದೇ ರೋಗ ಬಂದು ಹೋದವರು ಹೆಚ್ಚು ಎಚ್ಚರದಿಂದಿರಬೇಕು. ನನ್ನ ಪತ್ನಿಗೆ ಹತ್ತನೆಯ ವಯಸ್ಸಿನಲ್ಲಿ ಕೀಲುಗಳು ಊದಿ ತಿಂಗಳುಗಟ್ಟಲೆ ಮಲಗಿದ್ದಳೆಂದು ಅತ್ತೆಯವರು ಹೇಳಿದ್ದು ನನಗೆ ಗೊತ್ತಿತ್ತು. ಅದಕ್ಕೂ ಈ ಜ್ವರಕ್ಕೂ ಸಂಬಂಧವಿರಬಹುದೆಂದು ಹೊಳೆದಿರಲಿಲ್ಲ.

ಮೋಸಗೊಳಿಸುವ ಲಕ್ಷಣಗಳು

ಸಂಜೆಯಾದರೆ ಸಣ್ಣ ಜ್ವರ, ರಾತ್ರಿ ಬೆವರು, ಹಸಿವಿಲ್ಲದಿರುವುದು, ತೂಕ ಇಳಿಯುವುದು, ಮೈಕೈ ನೋವು, ಆಯಾಸ. ಇಷ್ಟೇ. ಮಲೆನಾಡಿನಲ್ಲಿ ಜ್ವರವೆಂದರೆ ಇಲಿಜ್ವರ, ಡೆಂಗಿ, ಟೈಫಾಯಿಡ್ ನೆನಪಾಗುತ್ತವೆ. ಕೊಯ್ಲಿನ ಕಾಲವಾದರೆ ಮಂಗನ ಕಾಯಿಲೆಯ ಭಯವೂ ಇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗವದು. ಇವುಗಳನ್ನು ಮೊದಲು ಯೋಚಿಸುವುದು ಸರಿಯೇ. ಆದರೆ ಅವು ಯಾವುವೂ ಅಲ್ಲವೆಂದು ತಿಳಿದ ಮೇಲೂ ಜ್ವರ ಬಿಡದಿದ್ದರೆ ಹೃದಯವನ್ನು ನೆನೆಯಬೇಕು.

ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡದ ಎಲೆ ಹಳದಿಯಾದಾಗ ಗೊಬ್ಬರ ಸಾಲದೆಂದು ಬುಡಕ್ಕೆ ಯೂರಿಯಾ ಹಾಕುವವರನ್ನು ನಾವು ಕಂಡಿದ್ದೇವೆ. ಹುಳು ಇರುವುದು ಕಾಂಡದೊಳಗೆ. ಜ್ವರದ ಮಾತ್ರೆಯಿಂದ ಇಲ್ಲಿ ಆಗುವುದೂ ಅಷ್ಟೇ.

ನಾನು ಮಾಡಿದ ತಪ್ಪು

ಮೊದಲ ವಾರ ಕೊಯ್ಲಿನ ಆಯಾಸವೆಂದು ಅವಳೇ ಸುಮ್ಮನಿದ್ದಳು. ಎರಡನೆಯ ವಾರ ನಾನು, ಹಿಂದಿನ ಮಳೆಗಾಲದಲ್ಲಿ ನನ್ನ ಕೆಮ್ಮಿಗೆ ಕೊಟ್ಟು ಉಳಿದಿದ್ದ ಆಂಟಿಬಯಾಟಿಕ್ ಮಾತ್ರೆಗಳನ್ನು ಕಪಾಟಿನಿಂದ ತೆಗೆದು ಕೊಟ್ಟೆ. ಜ್ವರ ಇಳಿಯಿತು. ಮಾತ್ರೆ ಮುಗಿದ ನಾಲ್ಕನೆಯ ದಿನ ಮತ್ತೆ ಬಂತು. ಔಷಧಿ ಅಂಗಡಿಯಿಂದ ಇನ್ನಷ್ಟು ತಂದು ಕೊಟ್ಟೆ. ಆಗಲೂ ಹಾಗೆಯೇ ಆಯಿತು. ಒಂದು ರಾತ್ರಿ ಮೆಟ್ಟಿಲು ಹತ್ತುವಾಗ ಅವಳಿಗೆ ಉಸಿರು ಸಿಗದೇ ಹೋಯಿತು. ಮರುದಿನ ಬೆಳಿಗ್ಗೆ ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ.

ಎಕೋ ಪರೀಕ್ಷೆಯಲ್ಲಿ ಕವಾಟದ ಮೇಲಿನ ಗಂಟು ಕಾಣಿಸಿತು. ಆದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಬ್ಲಡ್ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯಲಿಲ್ಲ. ವೈದ್ಯರು, "ಇಲ್ಲಿಗೆ ಬರುವ ಮೊದಲು ಆಂಟಿಬಯಾಟಿಕ್ ಏನಾದರೂ ಕೊಟ್ಟಿದ್ದಿರಾ?" ಎಂದು ಕೇಳಿದರು. ಪದವೀಧರನಾದ ನಾನು ತಲೆ ತಗ್ಗಿಸಿ ಹೌದೆಂದೆ. ಅರೆಬರೆ ಮದ್ದಿನಿಂದ ರೋಗಾಣು ಸಾಯುವುದಿಲ್ಲ. ಪರೀಕ್ಷೆಗೆ ಸಿಗದಷ್ಟು ಅಡಗುತ್ತದೆ. ಯಾವ ರೋಗಾಣು ಎಂದು ತಿಳಿಯದೆ ಸರಿಯಾದ ಮದ್ದನ್ನು ಆರಿಸುವುದು ಕಷ್ಟ. ಅವಳ ಸ್ಥಿತಿ ಸ್ಥಿರವಾಗಿದ್ದುದರಿಂದ ಮೂರು ದಿನ ಆಂಟಿಬಯಾಟಿಕ್ ತಡೆದು ಮತ್ತೆ ರಕ್ತ ತೆಗೆದರು. ಆ ಮೂರು ದಿನ ಮದ್ದಿಲ್ಲದೆ ಅವಳ ಜ್ವರ ಏರುವುದನ್ನು ನೋಡುತ್ತ ಕೂತದ್ದು ನನಗೆ ಮರೆಯುವಂಥದಲ್ಲ. ಕೊನೆಗೆ ಬಾಯಿಯಲ್ಲಿರುವ ಸ್ಟ್ರೆಪ್ಟೊಕಾಕಸ್ ಜಾತಿಯದೆಂದು ಗೊತ್ತಾಯಿತು. ಅವಳ ಹುಳುಕು ದವಡೆಹಲ್ಲನ್ನು ಕೊಯ್ಲು ಮುಗಿಯಲಿ ಎಂದು ಮುಂದೂಡಿದ್ದೆವು.

ಹಿಂದೆ ಮತ್ತು ಇಂದು

ಪೆನಿಸಿಲಿನ್ ಬರುವ ಮೊದಲು ಈ ರೋಗ ಬಂದವರು ಉಳಿಯುತ್ತಿದ್ದುದು ತೀರಾ ಅಪರೂಪ. ಆಸ್ಟ್ರಿಯಾದ ಸಂಗೀತಗಾರ ಗುಸ್ತಾಫ್ ಮಾಹ್ಲರ್ 1911ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಇದೇ ಜ್ವರದಿಂದ ಮಲಗಿದರು. ವೈದ್ಯರು ರಕ್ತ ತೆಗೆದು ರೋಗಾಣುವನ್ನು ಗುರುತಿಸಿದರು, ಆದರೆ ಕೊಡಲು ಮದ್ದಿರಲಿಲ್ಲ. ಅದೇ ವರ್ಷದ ಮೇ 18ರಂದು ವಿಯೆನ್ನಾದಲ್ಲಿ ತೀರಿಕೊಂಡಾಗ ಅವರಿಗೆ 50 ವರ್ಷ. 1944ರಲ್ಲಿ ಬ್ರೂಕ್ಲಿನ್‌ನ ಡಾ. ಲಿಯೊ ಲೋವ್ ಮತ್ತು ಸಂಗಡಿಗರು ಪೆನಿಸಿಲಿನ್ ಹಾಗೂ ಹೆಪಾರಿನ್ ಕೊಟ್ಟು ಏಳು ರೋಗಿಗಳಲ್ಲಿ ಯಶಸ್ಸು ಕಂಡ ವರದಿ ಪ್ರಕಟಿಸಿದರು. ಮಾಹ್ಲರರ ಕಾಲದಲ್ಲಿ ರೋಗಾಣು ಸಿಕ್ಕಿತ್ತು, ಮದ್ದಿರಲಿಲ್ಲ. ನಮ್ಮ ಕಾಲದಲ್ಲಿ ಮದ್ದಿದೆ. ಆದರೆ ರೋಗಾಣು ಸಿಗದಂತೆ ನಾವೇ ಮಾಡಿಕೊಳ್ಳುತ್ತೇವೆ.

ಇಂದಿಗೂ ಇದು ಸಣ್ಣ ರೋಗವಲ್ಲ. ಆಸ್ಪತ್ರೆ ಸೇರಿದವರಲ್ಲಿ ಸುಮಾರು ಐವರಿಗೊಬ್ಬರು ಉಳಿಯುವುದಿಲ್ಲ. ಗಂಟಿನ ಚೂರು ಕಳಚಿ ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು. ಕವಾಟ ಹರಿದರೆ ಹೃದಯ ಸೋಲುತ್ತದೆ. ಆಗ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಹೆಪ್ಪಿನೊಳಗೆ ಅಡಗಿದ ಬ್ಯಾಕ್ಟೀರಿಯಾವನ್ನು ಬಿಳಿ ರಕ್ತಕಣಗಳು ಸುಲಭವಾಗಿ ತಲುಪಲಾರವು. ಆದ್ದರಿಂದಲೇ ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳಕ್ಕೆ ಮದ್ದು ಕೊಡುತ್ತಾರೆ. ಒಂದು ವಾರದಲ್ಲಿ ಜ್ವರ ಬಿಟ್ಟಿತೆಂದು ಮನೆಗೆ ಕರೆತರುವುದು, ಮೊದಲ ಸಲ ಬೋರ್ಡೋ ಹೊಡೆದು ಎರಡನೆಯದನ್ನು ಬಿಟ್ಟಂತೆ.

ಮನೆಯವರು ಮಾಡಬೇಕಾದ್ದು

1. ಹೃದಯದ ತೊಂದರೆ ಇರುವವರಿಗೆ ಕಾರಣ ತಿಳಿಯದ ಜ್ವರ ಬಂದರೆ ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಕೊಡಬೇಡಿ. ಬೇಗ ವೈದ್ಯರಲ್ಲಿಗೆ ಹೋಗಿ, "ಮದ್ದು ಶುರುಮಾಡುವ ಮೊದಲು ಬ್ಲಡ್ ಕಲ್ಚರ್ ಬೇಕೇ?" ಎಂದು ಕೇಳಿ. ರಕ್ತವನ್ನು ಸಾಮಾನ್ಯವಾಗಿ ಮೂರು ಸಲ, ಬೇರೆಬೇರೆ ಕಡೆ ಚುಚ್ಚಿ ತೆಗೆಯುತ್ತಾರೆ. ರೋಗಿ ತೀರ ಅಸ್ವಸ್ಥರಾಗಿದ್ದರೆ ರಕ್ತ ತೆಗೆದ ಕೂಡಲೇ ಮದ್ದು ಆರಂಭಿಸುತ್ತಾರೆ.

2. ಈಗಾಗಲೇ ಮಾತ್ರೆ ಕೊಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಖಾಲಿ ಪಟ್ಟಿಯನ್ನೂ ಹಳೆಯ ವೈದ್ಯಕೀಯ ಕಾಗದಗಳನ್ನೂ ಜೊತೆಗೆ ಒಯ್ಯಿರಿ.

3. ಯಾವ ಕವಾಟ, ಯಾವ ರೋಗಾಣು, ಎಷ್ಟು ವಾರದ ಮದ್ದು, ಶಸ್ತ್ರಚಿಕಿತ್ಸೆ ಬೇಕಾಗಬಹುದೇ? ಈ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆದಿಡಿ.

4. ಮಾತು ತೊದಲುವುದು, ಕೈಕಾಲು ಬಲ ಕಳೆದುಕೊಳ್ಳುವುದು, ಮಲಗಿದರೆ ಉಸಿರು ಕಟ್ಟುವುದು, ಕಾಲು ತಣ್ಣಗಾಗಿ ನೋಯುವುದು ಕಂಡರೆ ಮಧ್ಯರಾತ್ರಿಯಾದರೂ ನರ್ಸನ್ನು ಕರೆಯಿರಿ.

5. ಮನೆಗೆ ಬಂದ ಮೇಲೆ ಜ್ವರ ಮರಳಿದರೆ ಮೊದಲು ರಕ್ತಪರೀಕ್ಷೆ, ಆಮೇಲೆ ಮದ್ದು. ಹಲ್ಲಿನ ವೈದ್ಯರಿಗೆ ಹೃದಯದ ವಿಷಯ ತಿಳಿಸಿ. ಹಲ್ಲು ಕೀಳುವ ಮೊದಲು ಮುಂಜಾಗ್ರತೆಯ ಮದ್ದು ಬೇಕಾಗಬಹುದು. ದಿನವೂ ಹಲ್ಲುಜ್ಜುವುದೇ ಅಗ್ಗದ ರಕ್ಷಣೆ.

6. ಖರ್ಚಿನ ಬಗ್ಗೆ ಮೊದಲ ದಿನವೇ ವಿಚಾರಿಸಿ. ಸಹಕಾರಿಗಳಿಗೆಂದು 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿ, 2022ರಲ್ಲಿ ಮತ್ತೆ ಜಾರಿಗೆ ಬಂತು. ಸದಸ್ಯತ್ವದ ಅವಧಿ, ಯಾವ ಚಿಕಿತ್ಸೆ ಸೇರುತ್ತದೆ ಎಂಬುದನ್ನು ನಮ್ಮ ಕಛೇರಿಯಲ್ಲಿ ಕೇಳಿ ತಿಳಿಯಬಹುದು.

ಚಿಂತೆಯ ಮಾತು

ಚಿಂತಿಸಬೇಡಿ ಎಂದು ಬಂದವರೆಲ್ಲ ಹೇಳಿದರು. ಅದರಿಂದ ಉಪಯೋಗವಾಗಲಿಲ್ಲ. ಗಂಟೆಗೊಮ್ಮೆ ಹಣೆ ಮುಟ್ಟಿ ನೋಡುತ್ತಿದ್ದ ನನಗೆ ಒಂದು ದಿನ ಅವಳೇ, "ರೀ, ಹೀಗೆ ಮುಟ್ಟಿ ಮುಟ್ಟಿ ನೋಡಿದರೆ ಜ್ವರ ಇಳಿಯೋದಿಲ್ಲ. ಬರೆದಿಡಿ, ಡಾಕ್ಟರಿಗಾದರೂ ಉಪಯೋಗಕ್ಕೆ ಬರುತ್ತೆ" ಎಂದಳು. ಅಂದಿನಿಂದ ಮಸ್ಟರ್ ಪುಸ್ತಕದ ಹಾಗೆ ಗೆರೆ ಹೊಡೆದು ದಿನಕ್ಕೆ ನಾಲ್ಕು ಸಲ ಜ್ವರ, ಊಟ, ಮೂತ್ರ, ನಿದ್ರೆ ಬರೆದೆ. ವೈದ್ಯರು ಅದನ್ನು ದಿನವೂ ಕೇಳಿ ನೋಡುತ್ತಿದ್ದರು. ಮಾಡಲು ಒಂದು ಕೆಲಸ ಸಿಕ್ಕಿದ ಮೇಲೆ ನನಗೂ ರಾತ್ರಿ ಸ್ವಲ್ಪ ನಿದ್ರೆ ಹತ್ತಿತು. ಪಕ್ಕದ ತೋಟದ ಇಬ್ಬರು ಸದಸ್ಯರು ಸರದಿಯಂತೆ ನಮ್ಮ ಕಣ ನೋಡಿಕೊಂಡು, ಒಣಗಿದ ಚೆರಿಯನ್ನು ಮೂಟೆ ಕಟ್ಟಿಸಿದರು. ರೋಗಿಯ ಮನೆಗೆ ಹಣ್ಣು ಒಯ್ಯುವುದಕ್ಕಿಂತ ಇದು ದೊಡ್ಡ ಸಹಾಯ.

ನಾಲ್ಕು ವಾರದ ಇಂಜೆಕ್ಷನ್ ಮುಗಿಸಿ ಅವಳು ಮನೆಗೆ ಬಂದಳು. ಕವಾಟ ಮೊದಲಿಗಿಂತ ಹೆಚ್ಚು ಸೋರುತ್ತಿದೆ. ಆರು ತಿಂಗಳಿಗೊಮ್ಮೆ ಎಕೋ ಮಾಡಿಸುತ್ತೇವೆ. ಮುಂದೆ ಶಸ್ತ್ರಚಿಕಿತ್ಸೆ ಬೇಕಾಗಬಹುದೆಂದು ಹೇಳಿದ್ದಾರೆ. ಚಿಂತೆ ಪೂರ್ತಿ ಹೋಗಿಲ್ಲ. ಆದರೆ ನಮ್ಮ ಕಪಾಟಿನಲ್ಲಿ ಈಗ ಉಳಿದ ಮಾತ್ರೆಗಳಿಲ್ಲ. ತಮ್ಮ ಮನೆಯ ಕಪಾಟನ್ನೂ ಇಂದೇ ಒಮ್ಮೆ ತೆಗೆದು ನೋಡಬೇಕೆಂದು ವಿನಂತಿ.

— ಕಾರ್ಯದರ್ಶಿ